ಹೇಳ್ಬೇಕಾದ ಮಾತು ಮರೀದೇ ಇರೋಕೆ ಯಾವ್ದು: ಟೆಲಿಪ್ರಾಂಪ್ಟರಾ, ಕ್ಯೂ ಕಾರ್ಡಾ, ಸೈಡ್‌ವಿಂಗಾ?

ಕ್ಯಾಮೆರಾ ಮುಂದೆ ಒಬ್ರೇ ಮಾತಾಡೋದಾದ್ರೆ ಟೆಲಿಪ್ರಾಂಪ್ಟರ್ ತಗೊಳ್ಳಿ. ಲೆನ್ಸ್ ಮುಂದೆ 45 ಡಿಗ್ರಿ ಓರೆಯಾಗಿ ಗಾಜಿರುತ್ತೆ, ಕೆಳಗಿಟ್ಟ ಫೋನಿನ ಅಕ್ಷರ ಅದ್ರಲ್ಲಿ ಕಾಣುತ್ತೆ, ಓದ್ತಿದ್ರೂ ಕಣ್ಣು ನೋಡೋರ ಕಡೇನೇ ಇರುತ್ತೆ. ಫೋನಿನ ಪ್ರಾಂಪ್ಟರ್ ಆ್ಯಪಲ್ಲಿ ಮಿರರ್ (ಅಕ್ಷರ ತಿರುಗಿಸೋ ಆಯ್ಕೆ) ಆನ್ ಮಾಡಿ, ಇಲ್ದಿದ್ರೆ ಅಕ್ಷರ ಉಲ್ಟಾ. ಕನ್ನಡಕ್ಕೆ ಸಾಲುಗಳ ಮಧ್ಯೆ ಜಾಸ್ತಿ ಜಾಗ ಬಿಡಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದ್ರೆ ತಡವರಿಸ್ತೀರ. ಗಾಜು ಸ್ವಲ್ಪ ಬೆಳಕು ತಿನ್ನುತ್ತೆ, ಲೈಟ್ ಹೆಚ್ಚಿಗೆ ಇಟ್ಕೊಳ್ಳಿ.

ಸಮಾರಂಭದ ನಿರೂಪಣೆಗೆ ಕ್ಯೂ ಕಾರ್ಡೇ (ಹೇಳ್ಬೇಕಾದ್ದನ್ನ ಬರ್ಕೊಳ್ಳೋ ಸಣ್ಣ ಕಾರ್ಡು) ವಾಸಿ, ಅತಿಥಿಗಳ ಹೆಸ್ರು ದಪ್ಪಕ್ಷರದಲ್ಲಿ ಬರ್ಕೊಂಡು ನಂಬರ್ ಹಾಕಿ, ಕರೆಂಟ್ ಹೋದ್ರೂ ಕೈಲಿರುತ್ತೆ.

ನಾಟಕಕ್ಕೆ ಇವೆರಡೂ ಬೇಡ. ಸೈಡ್‌ವಿಂಗಲ್ಲಿ, ಅಂದ್ರೆ ವೇದಿಕೆ ಪಕ್ಕದ ಮರೇಲಿ, ಪುಸ್ತಕ ಹಿಡ್ಕೊಂಡು ಮಾತು ಎತ್ತಿ ಕೊಡೋ ಮನುಷ್ಯ ಬೇಕು, ನಟ ಭಾವಕ್ಕೆ ನಿಲ್ಸಿದ್ನೋ ಮರ್ತು ನಿಂತ್ನೋ ಅಂತ ಅವ್ರಿಗೇ ಗೊತ್ತಾಗೋದು, ಅದಕ್ಕೇ ರಿಹರ್ಸಲ್ ಮೊದಲ ದಿನದಿಂದ್ಲೇ ಅವ್ರನ್ನ ಜೊತೇಲಿ ಕೂರಿಸ್ಕೊಳ್ಳಿ.