ಬಸ್ಸಲ್ಲೇ ಬೆಟ್ಟಕ್ಕೆ: ಆರು ವರ್ಷ ಓಡಾಡಿದ ಮೇಲೆ ಬರೆಯುತ್ತಿರುವುದು

ನಮ್ಮ ಮನೆ ಬೆಂಗಳೂರಿನ ಜಾಲಹಳ್ಳಿ ಕ್ರಾಸ್ ಹತ್ತಿರ. 2019ರ ಕೊನೆಯಿಂದ ತಿಂಗಳಿಗೆ ಒಂದು ಭಾನುವಾರವಾದರೂ ಬಸ್ಸು ಹತ್ತಿ ಯಾವುದಾದರೂ ಬೆಟ್ಟಕ್ಕೆ ಹೋಗುತ್ತೇನೆ. ಕೊರೊನಾ ಕಾಲದಲ್ಲಿ ಮಾತ್ರ ತಪ್ಪಿತು. ಶಿವಗಂಗೆ, ಸಾವನದುರ್ಗ, ನಂದಿ ಬೆಟ್ಟ, ದೇವರಾಯನದುರ್ಗ, ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟ, ಒಂದು ಸಲ ಕುಮಾರ ಪರ್ವತ. "ಸ್ವಂತ ಗಾಡಿ ಇಲ್ಲದೆ ಹೋಗೋಕಾಗುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತೆ. ಆದರೆ ಬೆಟ್ಟ ಎಷ್ಟು ಎತ್ತರ ಅನ್ನುವುದಕ್ಕಿಂತ ಮೊದಲು ವಾಪಸ್ ಬರುವ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಬೇಕು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಶಿವಗಂಗೆ. ತುಮಕೂರು ರಸ್ತೆಯ ಬಸ್ಸು ಹತ್ತಿ ಡಾಬಸ್‌ಪೇಟೆಯಲ್ಲಿ ಇಳಿಯಬೇಕು. ಎಲ್ಲಾ ಬಸ್ಸೂ ಅಲ್ಲಿ ನಿಲ್ಲಲ್ಲ, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಅಲ್ಲಿಂದ ಏಳೆಂಟು ಕಿಲೋಮೀಟರ್. ಊರ ಬಸ್ಸು ಸಿಕ್ಕರೆ ಸರಿ, ಇಲ್ಲದಿದ್ದರೆ ಶೇರ್ ಆಟೋ. ದಾರಿ ತಪ್ಪುವ ಭಯವಿಲ್ಲ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಕಡಿದಾದ ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಕೈಯಲ್ಲಿ ಕವರ್ ಕಂಡರೆ ಕೋತಿಗಳು ಬಿಡಲ್ಲ. ತಿಂಡಿ, ನೀರು ಎಲ್ಲಾ ಬ್ಯಾಗಿನೊಳಗೇ ಇರಲಿ.

2023ರ ಜೂನ್ 11ಕ್ಕೆ, ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತು. ಅಲ್ಲಿಯವರೆಗೆ ಅಮ್ಮನನ್ನು ಕರೆದರೆ "ಸುಮ್ನೆ ನನಗ್ಯಾಕೆ ಚಾರ್ಜು ದಂಡ, ನೀನು ಹೋಗಿ ಬಾ" ಅನ್ನುತ್ತಿದ್ದಳು. ಆ ಆಷಾಢ ಕಳೆದ ಮೇಲೆ ಅವಳೇ ಕೇಳಿದಳು, "ಶಿವಗಂಗೆಗೆ ಯಾವಾಗ ಹೋಗ್ತೀಯ?" ಅಂತ. ಅವಳಿಗೆ ಆಗ ಅರವತ್ತೆರಡು. ಆಧಾರ್ ತೋರಿಸಿ ತೆಗೆದುಕೊಂಡ ಶೂನ್ಯ ಟಿಕೆಟನ್ನು ಮಡಚಿ ಪರ್ಸಿನ ಒಳಗಿನ ಜಿಪ್ಪಿಗೆ ಹಾಕಿಕೊಂಡಳು. ಇವತ್ತಿಗೂ ಅಲ್ಲೇ ಇದೆ.

ಗಂಗಾಧರೇಶ್ವರನ ದರ್ಶನ ಮಾಡಿ, ಅಲ್ಲಲ್ಲಿ ಕೂತು, ಒಳಕಲ್ಲು ತೀರ್ಥದವರೆಗೆ ಬಂದೆವು. ಬಂಡೆಯೊಳಗೆ ಒರಳಿನ ಹಾಗೆ ಒಂದು ಕಿರಿದಾದ ಗುಂಡಿ. ತೋಳಿಳಿಸಿ ನೀರು ಮುಟ್ಟಬೇಕು. ಪುಣ್ಯ ಮಾಡಿದವರಿಗೆ ಸಿಗುತ್ತೆ ಅನ್ನುವ ನಂಬಿಕೆ. ಅಮ್ಮ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಮಂಡಿಯೂರಿ ಕೈ ಇಳಿಸಿದಳು. ಎರಡು ಸಲ ಸಿಗಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಯಾರೂ ಅವಸರ ಮಾಡಲಿಲ್ಲ. ಮೂರನೇ ಸಲ ಕೆನ್ನೆ ಕಲ್ಲಿಗೆ ತಾಗುವ ಹಾಗೆ ಬಗ್ಗಿದಳು. "ಸಿಕ್ತು ಕಣೇ, ಎಷ್ಟು ತಣ್ಣಗಿದೆ!" ಅಂದಳು. ಒದ್ದೆ ಬೆರಳನ್ನು ನನ್ನ ಕಣ್ಣಿಗೂ ಒತ್ತಿದಳು. ಮೇಲಿನ ಬಸವನವರೆಗೆ ಅವತ್ತು ಹತ್ತಲಿಲ್ಲ. ಮಂಡಿ ನೋವಿರುವವರಿಗೆ ಒಳಕಲ್ಲಿನವರೆಗೆ ಹೋದರೂ ಸಾಕು. ಅಲ್ಲಿಂದ ಮೇಲೆ ಏರು ಜಾಸ್ತಿ.

ಬಸ್ಸಲ್ಲಿ ಹೋಗುವುದರ ದೊಡ್ಡ ಲಾಭ ನನಗೆ ಗೊತ್ತಾಗಿದ್ದು ನಂದಿ ಬೆಟ್ಟದಲ್ಲಿ. ಗಾಡಿ ತಂದವರು ಅದನ್ನು ನಿಲ್ಲಿಸಿದ ಜಾಗಕ್ಕೇ ಮರಳಬೇಕು, ಅಲ್ವಾ? ನಮಗೆ ಆ ಕಟ್ಟು ಇಲ್ಲ. ಕೆಳಗೆ ನಂದಿ ಊರಿನ ಭೋಗನಂದೀಶ್ವರ ಗುಡಿ ನೋಡಿಕೊಂಡು, ಸುಲ್ತಾನ್‌ಪೇಟೆ ಕಡೆಯ ಹಳೇ ಮೆಟ್ಟಿಲ ದಾರಿ ಹಿಡಿಯುತ್ತೇನೆ. 1,478 ಮೀಟರ್ ಎತ್ತರದ ಬೆಟ್ಟವನ್ನು ಕಾಲಲ್ಲಿ ಹತ್ತಿ, ಮೇಲಿಂದ ಬಸ್ಸಲ್ಲಿ ಇಳಿಯುತ್ತೇನೆ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಆ ಪೆಟ್ಟು ಪೂರ್ತಿ ತಪ್ಪುತ್ತೆ. ಚಾಮುಂಡಿ ಬೆಟ್ಟದಲ್ಲೂ ಹೀಗೇ. ಸಾವಿರ ಮೆಟ್ಟಿಲು ಹತ್ತಿ, ನಡುವೆ ದೊಡ್ಡ ನಂದಿಯ ಹತ್ತಿರ ದಣಿವಾರಿಸಿಕೊಂಡು, ಅಮ್ಮನವರ ದರ್ಶನ ಆದ ಮೇಲೆ ಸಿಟಿ ಬಸ್ಸಲ್ಲಿ ಇಳಿಯಬಹುದು. ಆದರೆ ನಂದಿ ಬೆಟ್ಟದಲ್ಲಿ ಸೂರ್ಯೋದಯ ನೋಡಲೇಬೇಕು ಅನ್ನುವವರಿಗೆ ಬಸ್ಸು ಆಗಿಬರಲ್ಲ.

ಸಾವನದುರ್ಗದ ವಿಷಯ ಬೇರೆ. ಮೆಜೆಸ್ಟಿಕ್‌ನಿಂದ ಮಾಗಡಿ, ಮಾಗಡಿಯಿಂದ ಬೆಟ್ಟದ ಬುಡಕ್ಕೆ ಇನ್ನೊಂದು ಬಸ್ಸು. ಈ ಎರಡನೇ ಬಸ್ಸು ಕಡಿಮೆ. ಬೆಟ್ಟ 1,226 ಮೀಟರ್. ಮೆಟ್ಟಿಲು ಇಲ್ಲ, ಬರೀ ಬೋಳು ಬಂಡೆ. ಬಂಡೆ ಮೇಲೆ ಬಳಿದ ಬಾಣದ ಗುರುತು ನೋಡಿಕೊಂಡು ಹತ್ತಬೇಕು. ನಡುನಡುವೆ ಹಳೇ ಕೋಟೆ ಗೋಡೆ ಸಿಗುತ್ತೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡ ಕೋಟೆ ಇದೇ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಆಗಲೂ ಹನ್ನೊಂದು ಗಂಟೆ ದಾಟಿದರೆ ಬಂಡೆ ಕಾಯಲು ಶುರುವಾಗುತ್ತೆ. ಒಂದು ಸಲ ಸಣ್ಣ ಮಳೆ ಬಂತು. ಅರ್ಧದಿಂದಲೇ ಕೂತು ಕೂತು ಇಳಿದೆ. ಸವೆದ ಶೂ ಹಾಕಿಕೊಂಡು ದಯವಿಟ್ಟು ಹತ್ತಬೇಡಿ. ಅರಣ್ಯ ಇಲಾಖೆಗೆ ಸೇರಿದ ಚಾರಣ ದಾರಿಗಳಿಗೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಸಬೇಕಾಗುತ್ತೆ. ಅದನ್ನು ಹಿಂದಿನ ವಾರವೇ ನೋಡಿಕೊಳ್ಳಿ.

ಕುಮಾರ ಪರ್ವತಕ್ಕೆ ರಾತ್ರಿ ಬಸ್ಸಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಇಳಿದರೆ ಆಯಿತು. ದಾರಿ ಶುರುವಾಗುವುದು ಊರಿನಿಂದಲೇ. 1,712 ಮೀಟರ್. ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಅನ್ನ ಸಾರಿನ ರುಚಿ ಹತ್ತಿದವರಿಗೇ ಗೊತ್ತು. ನಾಲ್ಕಾರು ಸಣ್ಣ ಬೆಟ್ಟ ಹತ್ತಿ ಅಭ್ಯಾಸ ಆಗುವವರೆಗೆ ಇದರ ಸಹವಾಸ ಬೇಡ.

ಇನ್ನು ಕಷ್ಟದ ವಿಷಯ. ಒಂದು ಡಿಸೆಂಬರ್‌ನಲ್ಲಿ ನಾನೂ ನನ್ನ ತಂಗಿಯೂ ಒಂದು ಬೆಟ್ಟ ಇಳಿದು ಬಸ್ಸಿಗೆ ಕಾಯುತ್ತಿದ್ದೆವು. ಐದೂಕಾಲಿನ ಬಸ್ಸು ಆರಾದರೂ ಇಲ್ಲ. ಕತ್ತಲಾಗುತ್ತಿತ್ತು. ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಟೀ ಅಂಗಡಿಯ ಅಜ್ಜಿ ಒಲೆ ಆರಿಸುತ್ತಾ ಹೇಳಿದರು, "ಇವತ್ತು ಬರಾಕಿಲ್ಲ ಕಣವ್ವ, ಮದ್ವೆಗೆ ವೋಗೈತೆ." ನನ್ನ ತಂಗಿಗೆ ಅಳುವೇ ಬಂತು. ಕೊನೆಗೆ ಅಜ್ಜಿಯೇ ಹಾಲಿನ ವ್ಯಾನ್ ನಿಲ್ಲಿಸಿ, ಡ್ರೈವರ್‌ಗೆ "ರೋಡ್‌ಗಂಟ ಬುಟ್ಬಾರಪ್ಪ" ಅಂದರು. ಕ್ಯಾನುಗಳ ನಡುವೆ ಕೂತು ಮುಖ್ಯ ರಸ್ತೆಗೆ ಬಂದೆವು.

ಅವತ್ತಿನಿಂದ ನಾನು ಕೊನೆ ಬಸ್ಸನ್ನು ನಂಬುವುದಿಲ್ಲ. ಅದರ ಹಿಂದಿನದಕ್ಕೇ ಇಳಿದುಬಿಡುತ್ತೇನೆ, ತುದಿ ಮುಟ್ಟದಿದ್ದರೂ ಪರವಾಗಿಲ್ಲ. ಬಸ್ಸಿಳಿಯುವಾಗ ಕಂಡಕ್ಟರನ್ನು ಕೇಳುತ್ತೇನೆ, ಆಮೇಲೆ ಬುಡದ ಅಂಗಡಿಯಲ್ಲಿ ಇನ್ನೊಮ್ಮೆ ಕೇಳುತ್ತೇನೆ. ಇಬ್ಬರ ಮಾತೂ ಒಂದೇ ಆಗಿದ್ದರೆ ಮಾತ್ರ ನೆಮ್ಮದಿ. ಫೋನಿನ ಮ್ಯಾಪು ತೋರಿಸುವ ಸಮಯ ಹಳ್ಳಿ ಬಸ್ಸಿಗೆ ಎಷ್ಟೋ ಸಲ ಹೊಂದುವುದೇ ಇಲ್ಲ.

ಭಾನುವಾರದ ಬಸ್ಸುಗಳಲ್ಲಿ ಈಗ ಮೊದಲಿಗಿಂತ ರಶ್ ಜಾಸ್ತಿ. ಬರುವಾಗ ದಣಿದ ಕಾಲಲ್ಲಿ ಒಂದು ಗಂಟೆ ನಿಂತದ್ದೂ ಇದೆ. 2025ರ ಜನವರಿಯಲ್ಲಿ ದರ ಶೇಕಡಾ 15ರಷ್ಟು ಏರಿದ ಮೇಲೂ, ಟಿಕೆಟ್ ತೆಗೆದುಕೊಳ್ಳುವ ನನ್ನ ತಮ್ಮನಿಗೆ ಬೈಕಿನ ಪೆಟ್ರೋಲಿಗಿಂತ ಬಸ್ಸೇ ಅಗ್ಗ.

ನನಗೆ ನಿಜವಾಗಿ ಬೇಕಾಗಿರುವುದು ಒಂದೇ. ಪ್ರತಿ ಬೆಟ್ಟದ ಬುಡದಲ್ಲಿ ಬಸ್ಸಿನ ಸಮಯ ಬರೆದ ಒಂದು ಬೋರ್ಡು. ಆ ಅಜ್ಜಿಯ ಅಂಗಡಿಯ ಕಂಬಕ್ಕೆ ನಾನೇ ಒಂದು ಹಾಳೆ ಅಂಟಿಸಿದ್ದೇನೆ. ಬರುವ ಬಸ್ಸು, ಹೋಗುವ ಬಸ್ಸು, ಎಲ್ಲಾ ದಪ್ಪ ಅಕ್ಷರದಲ್ಲಿ ಬರೆದು. ಮಳೆಗಾಲದಲ್ಲಿ ಅಕ್ಷರ ಅಳಿಸಿಹೋಗುತ್ತೆ. ಹೋದಾಗಲೆಲ್ಲ ಅಜ್ಜಿಯನ್ನು ಕೂರಿಸಿಕೊಂಡು ಕೇಳಿ, ಸಮಯ ತಿದ್ದಿ, ಹೊಸ ಹಾಳೆ ಅಂಟಿಸಿ ಬರುತ್ತೇನೆ.