ಡಿಸೈನ್ ಕಾಲೇಜಿನ ಸಾಮಾನು: ಶಿವಮೊಗ್ಗದಲ್ಲೇ ಕೊಳ್ಳೋದಾ, ಬೆಂಗಳೂರಿಗೆ ಹೋದ ಮೇಲಾ?

ಓರಿಯೆಂಟೇಶನ್‌ಗೆ ಬೆಂಗಳೂರಿಗೆ ಹೊರಟ ಮಕ್ಕಳ ಮನೆಯಲ್ಲಿ ಇದೇ ಚರ್ಚೆ. ಎಲ್ಲ ಇಲ್ಲೇ ಕೊಂಡು ಹೋಗೋದಾ, ಅಲ್ಲಿಗೆ ಹೋಗಿ ನೋಡೋದಾ?

ಪೆನ್ಸಿಲ್, ಸ್ಕೇಲು, ಕಟ್ಟರ್ ಇಲ್ಲೇ ತಗೊಳ್ಳಿ. ದುರ್ಗಿಗುಡಿ, ನೆಹರೂ ರಸ್ತೆ ಕಡೆ ಒಂದು ಸುತ್ತು ಹಾಕಿದರೆ ಮುಗೀತು. 2ಬಿ, 4ಬಿ, 6ಬಿ ಪೆನ್ಸಿಲ್ ಸಾಕು. ಸ್ಕೇಲು ಮಾತ್ರ ಸ್ಟೀಲಿನದೇ ಇರಲಿ. ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಕಟ್ಟರ್ ಕೆತ್ತಿಬಿಡುತ್ತದೆ, ಆಮೇಲೆ ಎಳೆದ ಗೆರೆಯೆಲ್ಲ ಸೊಟ್ಟ.

ದೊಡ್ಡ ಹಾಳೆಗಳನ್ನು ಅಲ್ಲೇ ಕೊಳ್ಳುವುದು ವಾಸಿ. ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯೊಳಗಿನ ಕಾಗದವೂ ಥಂಡಿ ಹಿಡಿದು ಮಡಚಿಕೊಳ್ಳುತ್ತದೆ. ಅದರ ಮೇಲೆ ಪೆನ್ ಇಟ್ಟರೆ ಇಂಕು ಹರಡುತ್ತದೆ. ಅವೆನ್ಯೂ ರೋಡಿನಲ್ಲಿ ಸಿಗುವುದನ್ನು ಸುಮ್ನೆ ಇಲ್ಲಿಂದ ಹೊತ್ತೊಯ್ಯೋದು ಯಾಕೆ, ಅಲ್ವಾ?

ತಲೆಕೆಡಿಸಿಕೊಳ್ಳಬೇಕಾದ್ದು ಲ್ಯಾಪ್‌ಟಾಪ್ ವಿಷಯದಲ್ಲಿ. ಊರಲ್ಲಾದರೆ ಪರಿಚಯದ ಅಂಗಡಿ, ಜೊತೆಗೆ ಅಪ್ಪ-ಅಮ್ಮ ಇರುತ್ತಾರೆ. ಆದರೆ ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ ಅನ್ನೋದು ಎಷ್ಟೋ ಸಲ ಓರಿಯೆಂಟೇಶನ್‌ನಲ್ಲೇ ಗೊತ್ತಾಗೋದು. ಪ್ರಾಡಕ್ಟ್ ಡಿಸೈನ್‌ಗೆ ಸಾಲಿಡ್‌ವರ್ಕ್ಸ್ ಅನ್ನೋ 3ಡಿ ಸಾಫ್ಟ್‌ವೇರ್ ಬೇಕು ಅಂದರೆ, ಅದು ನಡೆಯೋದು ವಿಂಡೋಸ್‌ನಲ್ಲಿ. ಆಸೆಪಟ್ಟು ತಂದ ಮ್ಯಾಕ್ ಆಗ ತಲೆನೋವು. ಫೋಟೋಶಾಪ್, ಇಲ್ಲಸ್ಟ್ರೇಟರ್ ಆದರೆ ಎರಡರಲ್ಲೂ ನಡೆಯುತ್ತವೆ. ದುಡ್ಡೂ ಸಣ್ಣದಲ್ಲ, ವರ್ಷಗಟ್ಟಲೆ ಬಳಸುವ ವಸ್ತು. ಹಾಗಾಗಿ ನನ್ನ ಓಟು ಕಾಯುವುದಕ್ಕೆ. ಮೊದಲ ದಿನಗಳಲ್ಲಿ ಪರಿಚಯ, ಕ್ಯಾಂಪಸ್ ಸುತ್ತಾಟವೇ ಜಾಸ್ತಿ.

ಕಾಲೇಜಿನವರು ಮೊದಲೇ ಪಟ್ಟಿ ಕಳಿಸಿದ್ದರೆ ಮಾತು ಬೇರೆ. ಆಗ ಶಿವಮೊಗ್ಗದಲ್ಲೇ ತಗೊಳ್ಳಿ, ರ್‍ಯಾಮ್ ಮಾತ್ರ 16 ಜಿಬಿಗಿಂತ ಕಡಿಮೆ ಬೇಡ.