ಹಳೆಯ ಕ್ಯಾಬಿನ್ ದೋಣಿಯ ಡೀಸೆಲ್ ಎಂಜಿನ್ ಮತ್ತು ಶಾಫ್ಟ್ ಡ್ರೈವ್: ಹಲವು ಮಳೆಗಾಲಗಳ ಬಳಕೆಯ ನಂತರ

ಮೈಸೂರಿನವರಿಗೆ ದೋಣಿಯೆಂದರೆ ರಂಗನತಿಟ್ಟಿನಲ್ಲಿ ಹುಟ್ಟು ಹಾಕುವ ದೋಣಿಯೋ ಕಾರಂಜಿ ಕೆರೆಯ ಪೆಡಲ್ ದೋಣಿಯೋ ನೆನಪಾಗುವುದು ಸಹಜವಾದ್ದರಿಂದ, ಯಾವುದರ ಬಗ್ಗೆ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿರುವ ನನ್ನ ಭಾವನೂ ನಾನೂ ಪಾಲಿನಲ್ಲಿ ಕೊಂಡ 26 ಅಡಿಯ ಹಳೆಯ ಫೈಬರ್ ಕ್ಯಾಬಿನ್ ದೋಣಿ ಇದು. ಫಲ್ಗುಣಿ ನದಿಯ ಅಳಿವೆಯ ಸಮೀಪ ಅದನ್ನು ಕಟ್ಟಿರುತ್ತೇವೆ. ಅದರಲ್ಲಿರುವುದು ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ, 42 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಅದರಿಂದ ಗೇರ್‌ಬಾಕ್ಸ್, ಗೇರ್‌ಬಾಕ್ಸಿನಿಂದ ತಳವನ್ನು ಹಾಯ್ದು ಪ್ರೊಪೆಲ್ಲರಿನವರೆಗೆ ತಿರುಗುವ ನೇರ ದಂಡ, ಅಂದರೆ ಶಾಫ್ಟ್. ಈ ಏರ್ಪಾಡೇ ಶಾಫ್ಟ್ ಡ್ರೈವ್.

ಹಳೆಯ ದೋಣಿ ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಎಂಜಿನ್ ಎಷ್ಟು ಅಶ್ವಶಕ್ತಿಯದು, ಎಷ್ಟು ಗಂಟೆ ಓಡಿದೆ ಎಂದು. ಅದಕ್ಕಿಂತ ಮೊದಲು ತಿಳಿಯಬೇಕಾದದ್ದು, ಎಂಜಿನ್ನಿನ ಶಕ್ತಿ ಯಾವ ದಾರಿಯಲ್ಲಿ ನೀರಿಗೆ ತಲುಪುತ್ತದೆ ಮತ್ತು ಆ ದಾರಿಯಲ್ಲಿ ಕೆಡುವಂಥ ಭಾಗಗಳು ಮಾಲೀಕನ ಕಣ್ಣಿಗೆ ಬೀಳುವ ಜಾಗದಲ್ಲಿವೆಯೇ ಎಂಬುದು. ದೋಣಿಯಿಂದ ಸುಮಾರು 250 ಕಿ.ಮೀ. ದೂರದಲ್ಲಿ, ಮಡಿಕೇರಿ–ಸಂಪಾಜೆ ಘಟ್ಟದ ಈಚೆಗೆ ವಾಸಿಸುವ ನನ್ನಂಥವನಿಗಂತೂ ಉಳಿದೆಲ್ಲ ಪ್ರಶ್ನೆಗಳು ಇದರ ನಂತರವೇ.

ನಾವು ನೋಡಿದವುಗಳಲ್ಲಿ ಹೆಚ್ಚಿನವು ಸ್ಟರ್ನ್‌ಡ್ರೈವ್ ದೋಣಿಗಳು. ಅಂದರೆ ಎಂಜಿನ್ ಹಿಂಬದಿಯಲ್ಲಿ ಒಳಗಿರುತ್ತದೆ, ಪ್ರೊಪೆಲ್ಲರ್ ಹೊತ್ತ ಅಲ್ಯೂಮಿನಿಯಂ ಕಾಲು ಹೊರಗೆ ನೀರಿನಲ್ಲಿರುತ್ತದೆ. ವೋಲ್ವೊ ಪೆಂಟಾ 1959ರಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಾಗಿನಿಂದ ವೇಗದ ಕ್ಯಾಬಿನ್ ದೋಣಿಗಳಲ್ಲಿ ಇದಕ್ಕೆ ಬೇಡಿಕೆಯಿದೆ, ಅದಕ್ಕೆ ಕಾರಣವೂ ಇದೆ: ಕ್ಯಾಬಿನ್ನಿನಲ್ಲಿ ಜಾಗ ಉಳಿಯುತ್ತದೆ, ಕಾಲೇ ತಿರುಗುವುದರಿಂದ ದೋಣಿ ಹೇಳಿದ ಹಾಗೆ ಕೇಳುತ್ತದೆ, ನೀರು ಆಳವಿಲ್ಲದ ಕಡೆ ಅದನ್ನು ಮೇಲೆತ್ತಬಹುದು. ಆದರೆ ಒಳಗಿನ ಯಂತ್ರಕ್ಕೂ ಹೊರಗಿನ ಕಾಲಿಗೂ ನಡುವೆ ನೀರನ್ನು ತಡೆಯುವುದು ನೆರಿಗೆ ನೆರಿಗೆಯಾದ ರಬ್ಬರ್ ಬೆಲ್ಲೋಸ್ ಮಾತ್ರ, ಮತ್ತು ಅದು ನೀರಿನ ಮಟ್ಟದಿಂದ ಕೆಳಗಿರುತ್ತದೆ. ದಡಕ್ಕೆ ಎಳೆದು ನಿಲ್ಲಿಸಿದ್ದ ಒಂದು ದೋಣಿಯಲ್ಲಿ ಕಾಲಿಗೆ ಹೊಸ ಬಣ್ಣ ಬಳಿದಿದ್ದರು. ಬೆಲ್ಲೋಸಿನ ನೆರಿಗೆಯನ್ನು ಹೆಬ್ಬೆರಳಿನಿಂದ ಬಿಡಿಸಿದರೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಲಾಗಿ ಬಾಯಿ ತೆರೆದವು, ಕಾಲಿನ ಎಣ್ಣೆಯನ್ನು ಸ್ವಲ್ಪ ಇಳಿಸಿದಾಗ ಅದು ನೀರು ಸೇರಿ ಬೆಳ್ಳಗಾಗಿತ್ತು. ಬೆಲ್ಲೋಸ್ ಹರಿದರೆ ಒಳಗಿನ ಬೇರಿಂಗ್ ಕೆಡುವುದಷ್ಟೇ ಅಲ್ಲ, ಕಟ್ಟಿ ಹೋದ ದೋಣಿ ಕಟ್ಟಿದಲ್ಲೇ ಮುಳುಗಬಹುದು. ಉಪ್ಪುನೀರಿನಲ್ಲಿ ತಾವು ಸವೆದು ಕಾಲನ್ನು ಕಾಪಾಡುವ ಲೋಹದ ತುಂಡುಗಳಾದ ಆನೋಡ್‌ಗಳನ್ನೂ ನೋಡಬೇಕು. ಸಿಹಿನೀರಿಗೆಂದು ಹಾಕಿದ ಮೆಗ್ನೀಸಿಯಂ ಆನೋಡ್ ಸಮುದ್ರದ ನೀರಿನಲ್ಲಿ ಬೇಗ ಕರಗಿಹೋಗುತ್ತದೆ, ಅಲ್ಲಿಗೆ ಸತು ಅಥವಾ ಅಲ್ಯೂಮಿನಿಯಂ ಬೇಕು.

ದೋಣಿಯೊಳಗೇ ಕೂರಿಸುವ (ಇನ್‌ಬೋರ್ಡ್) ಪೆಟ್ರೋಲ್ ಎಂಜಿನ್‌ಗಳನ್ನು ನಾವು ಆರಂಭದಲ್ಲೇ ಬಿಟ್ಟೆವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ 4 ನಿಮಿಷ ಬ್ಲೋವರ್ ಓಡಿಸಿ ಅದನ್ನು ಹೊರಗಟ್ಟಬೇಕು. ಮಕ್ಕಳೊಡನೆ ರಾತ್ರಿ ಮಲಗುವ ದೋಣಿಯಲ್ಲಿ ಈ ಚಿಂತೆ ನನಗೆ ಬೇಕಿರಲಿಲ್ಲ.

42 ಅಶ್ವಶಕ್ತಿ ಸಾಕೇ ಎಂದು ಕೇಳುವವರು ದೋಣಿಯ ತಳದ ಆಕಾರವನ್ನು ಮರೆತಿರುತ್ತಾರೆ. ನೀರನ್ನು ಸೀಳಿಕೊಂಡು ಸಾಗುವ ತಳದ ದೋಣಿಗೆ, ನೀರಿಗೆ ತಾಗುವ ಉದ್ದದ ವರ್ಗಮೂಲವನ್ನು ಅಡಿಯಲ್ಲಿ ತೆಗೆದುಕೊಂಡು 1.34ರಿಂದ ಗುಣಿಸಿದರೆ ಬರುವಷ್ಟು ನಾಟ್‌ಗಳೇ ಹೆಚ್ಚುಕಡಿಮೆ ಮಿತಿ. ನಮ್ಮದಕ್ಕೆ ಆ ಉದ್ದ 23 ಅಡಿಯಾದ್ದರಿಂದ ಮಿತಿ ಸುಮಾರು 6.4 ನಾಟ್, ಗಂಟೆಗೆ 12 ಕಿ.ಮೀ.ಗೆ ತುಸು ಕಡಿಮೆ. ಅದಕ್ಕೆ 150 ಅಶ್ವಶಕ್ತಿ ಕೂರಿಸಿದರೆ ಹಿಂಭಾಗ ಕುಸಿದು ಡೀಸೆಲ್ ಉರಿಯುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. 5 ನಾಟ್ ಚಿಲ್ಲರೆ ವೇಗದಲ್ಲಿ ನಮಗೆ ಗಂಟೆಗೆ ಸುಮಾರು 3 ಲೀಟರ್ ಸಾಕಾಗುತ್ತದೆ.

ಕೊಳ್ಳುವ ಮೊದಲು ಮಂಡ್ಯದಲ್ಲಿ ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್ ಎಂಜಿನ್ ಬಿಚ್ಚಿ ಕಟ್ಟುವ, ನಮಗೆ ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದಿದ್ದೆವು. ದೋಣಿಗಳ ಸಣ್ಣ ಡೀಸೆಲ್ ಎಂಜಿನ್‌ಗಳಲ್ಲಿ ಎಷ್ಟೋ ಮೂಲದಲ್ಲಿ ಟ್ರ್ಯಾಕ್ಟರ್ ಅಥವಾ ಕೈಗಾರಿಕಾ ಎಂಜಿನ್‌ಗಳೇ ಆಗಿರುವುದರಿಂದ ಈ ನಿರ್ಧಾರ ಬಹಳ ಉಪಯೋಗಕ್ಕೆ ಬಂತು. ಇನ್ನೊಬ್ಬ ಮಾರಾಟಗಾರರ ದೋಣಿಯಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿ ಸಿಲಿಂಡರ್ ಹೆಡ್ಡಿಗೆ ಕೈಯಿಟ್ಟವರೇ ನನ್ನತ್ತ ತಿರುಗಿ, "ಸಾರ್, ಇಂಜಿನ್ ಬಿಸಿ ಅದೆ. ನಾವು ಬರಕ್ ಮುಂಚೆನೇ ಸ್ಟಾರ್ಟ್ ಮಾಡಿ ಮಡಗವ್ರೆ" ಎಂದರು. ತಣ್ಣಗಿರುವಾಗ ಏಳಲು ತಿಣುಕುವ ಎಂಜಿನ್ನನ್ನು ಮರೆಮಾಡುವ ಸುಲಭದ ಉಪಾಯ ಇದೇ. ಹೊಗೆಯನ್ನೂ ಅವರು ತಾಳ್ಮೆಯಿಂದ ನೋಡಿದರು: ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಕಪ್ಪಾದರೆ ಗಾಳಿ ಸಾಲದು ಅಥವಾ ಹೊರೆ ಹೆಚ್ಚು, ಬಿಳಿ ಹೊಗೆ ನಿಲ್ಲದಿದ್ದರೆ ನೀರೋ ಉರಿಯದ ಡೀಸೆಲ್ಲೋ ಹೊರಬರುತ್ತಿದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ತನ್ನ ನಿಗದಿತ ಆರ್‌ಪಿಎಂ ಮುಟ್ಟುವುದೇ ಎಂದು ನೀರಿನ ಮೇಲೆಯೇ ಪರೀಕ್ಷಿಸಬೇಕು. ದಡದಲ್ಲಿ ಇದು ತಿಳಿಯುವುದಿಲ್ಲ.

ಇಷ್ಟು ಕಾಲದ ಬಳಕೆಯಲ್ಲಿ ಶಾಫ್ಟ್ ಡ್ರೈವ್ ನನಗೆ ಕೊಟ್ಟ ದೊಡ್ಡ ಸಮಾಧಾನ ಗ್ಲ್ಯಾಂಡ್. ಶಾಫ್ಟ್ ತಳವನ್ನು ಹಾಯುವಲ್ಲಿ ನೀರು ಒಳನುಗ್ಗದಂತೆ ದಾರ ಸುತ್ತಿ ನಟ್ಟಿನಿಂದ ಬಿಗಿದ ಈ ಭಾಗ, ಪಂಪ್‌ಸೆಟ್ ಕಂಡವರಿಗೆಲ್ಲ ಪರಿಚಿತವೇ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಒಂದೆರಡು ಹನಿ ಬೀಳಬೇಕು, ನಿಂತಾಗ ಹೆಚ್ಚುಕಡಿಮೆ ನಿಲ್ಲಬೇಕು. ಹನಿ ಜಾಸ್ತಿಯಾದರೆ ನಟ್ಟನ್ನು ಕಾಲು ಸುತ್ತು ಬಿಗಿದರಾಯಿತು. ಹನಿಯೇ ಇಲ್ಲದೆ ಮುಟ್ಟಿದರೆ ಸುಡುವಂತಿದ್ದರೆ ಬಿಗಿ ಹೆಚ್ಚಾಯಿತೆಂದು ಅರ್ಥ. ಇದನ್ನು ಭಾವ ಫೋನಿನಲ್ಲಿ ವಿವರಿಸಿದರೆ ನಾನು ಮೈಸೂರಿನಲ್ಲಿ ಕುಳಿತೇ ಅರ್ಥ ಮಾಡಿಕೊಳ್ಳಬಲ್ಲೆ.

ತೊಂದರೆಗಳೂ ಬಂದಿವೆ. ಹೊರಗಿನ ನೀರನ್ನು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಒಮ್ಮೆ ರೆಕ್ಕೆ ಕಳೆದುಕೊಂಡು ಎಂಜಿನ್ ಕಾದಿತು. ಹೊಸದನ್ನು ಹಾಕಿದ ಮೇಲೂ ಕಾವು ಇಳಿಯಲಿಲ್ಲ, ಏಕೆಂದರೆ ಮುರಿದ ರೆಕ್ಕೆಗಳು ಎಂಜಿನ್ನಿನ ಕಾವನ್ನು ಹೊರಗಿನ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಿಗೆ ಅಡ್ಡವಾಗಿ ಕೂತಿದ್ದವು. ಈಗ ಜೂನ್‌ನಿಂದ ದೋಣಿಯನ್ನು ದಡಕ್ಕೇರಿಸಿದಾಗ, ಮೀನುಗಾರರ ಯಾಂತ್ರಿಕ ದೋಣಿಗಳೂ ನಿಷೇಧದ ಕಾರಣ ದಡದಲ್ಲಿರುವ ಆ ಎರಡು ತಿಂಗಳಲ್ಲಿ, ಇಂಪೆಲ್ಲರ್ ಚೆನ್ನಾಗಿದ್ದರೂ ಬದಲಿಸುತ್ತೇವೆ. ಎಂಜಿನ್ ಕ್ಯಾಬಿನ್ನಿನ ನಡುವೆ ಇರುವುದರಿಂದ ಸದ್ದು ಹೆಚ್ಚು, ಮಾತಾಡಲು ದನಿ ಎತ್ತರಿಸಬೇಕು. ರಿವರ್ಸ್ ಹಾಕಿದರೆ ದೋಣಿಯ ಹಿಂಭಾಗ ಎಡಕ್ಕೇ ಎಳೆಯುತ್ತದೆ. ಬಲಕ್ಕೆ ತಿರುಗುವ ಪ್ರೊಪೆಲ್ಲರಿನ ಸ್ವಭಾವವೇ ಅದು, ನಾವೀಗ ಎಡಮಗ್ಗುಲಲ್ಲೇ ದಕ್ಕೆಗೆ ತಾಗಿಸುತ್ತೇವೆ. ಪ್ರೊಪೆಲ್ಲರನ್ನು ಮೇಲೆತ್ತಲಾಗದ ಕಾರಣ, ಇಳಿತದ ಹೊತ್ತಿನಲ್ಲಿ ಮರಳು ದಿಬ್ಬದ ಹತ್ತಿರ ಹೋಗಲು ಧೈರ್ಯ ಸಾಲದು.

ದೋಣಿಯನ್ನು ಟ್ರೇಲರಿನಲ್ಲಿ ಮನೆಗೇ ತರುವವರಿಗೆ, ಆಳವಿಲ್ಲದ ಹಿನ್ನೀರಿನಲ್ಲೇ ಹೆಚ್ಚು ಓಡಾಡುವವರಿಗೆ ನಾನು ಶಾಫ್ಟ್ ಡ್ರೈವನ್ನು ಶಿಫಾರಸು ಮಾಡುವುದಿಲ್ಲ. ಅಂಥವರಿಗೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಔಟ್‌ಬೋರ್ಡ್ ಎಂಜಿನ್ ಸರಿ: ಪೂರ್ತಿ ನೀರಿನಿಂದ ಮೇಲೆತ್ತಬಹುದು, ಸಿಹಿನೀರಿನಲ್ಲಿ ತೊಳೆಯಬಹುದು, ಕೆಟ್ಟರೆ ಬಿಚ್ಚಿ ರಿಪೇರಿಗೆ ಒಯ್ಯಬಹುದು, ಹಳತಾದರೆ ದೋಣಿಗೆ ಕೈಹಚ್ಚದೆ ಹೊಸದನ್ನು ತಗುಲಿಸಬಹುದು. ಸ್ಟರ್ನ್‌ಡ್ರೈವ್ ಇಷ್ಟವಾದವರು ದೋಣಿಯ ಊರಿನಲ್ಲೇ ಇದ್ದು, ಬೆಲ್ಲೋಸ್ ಯಾವಾಗ ಬದಲಿಸಿದ್ದೆಂಬ ರಸೀದಿಯನ್ನು ಮಾರುವವರಿಂದ ಪಡೆದ ನಂತರವೇ ಬೆಲೆಯ ಮಾತಿಗೆ ಕೂರಲಿ.